ನಂದಿ ಹತ್ತುವ ಸೈಕಲಿಗೆ ಎಷ್ಟು ತೂಕ?

ಹುಡುಗಿ: ದೊಡ್ಡಮ್ಮ, ನಿಮ್ಮ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸ್ವಲ್ಪ ದಿನ ನನಗೆ ಬೇಕು. ಸೈಕಲ್ ಪೂರ್ತಿ ಬಿಚ್ಚಿ ಒಂದೊಂದು ಭಾಗವನ್ನೂ ತೂಗಬೇಕು. ನಂದಿ ಬೆಟ್ಟದ ರೇಸಿಗೆ ಹೊಸ ಸೈಕಲ್ ಕಟ್ಟೋಣ ಅಂತಿದ್ದೀನಿ. ಆರು ಕಿಲೋ ಒಳಗೆ ಬರಬೇಕು.

ದೊಡ್ಡಮ್ಮ: ತಕ್ಕಡಿ ತಗೊಂಡು ಹೋಗು. ಈಗಿರೋದು ಎಷ್ಟು ತೂಗುತ್ತೆ?

ಹುಡುಗಿ: ಒಂಬತ್ತು ಕಿಲೋ ಇನ್ನೂರು ಗ್ರಾಂ. ಅಲ್ಯೂಮಿನಿಯಂ ಫ್ರೇಮು.

ದೊಡ್ಡಮ್ಮ: ನಾನು ಮಲ್ಲೇಶ್ವರದಿಂದ ಟಾಟಾ ಇನ್‌ಸ್ಟಿಟ್ಯೂಟಿಗೆ ಓಡಿಸ್ತಿದ್ದ ಲೇಡೀಸ್ ಸೈಕಲ್ ಅದರ ಎರಡರಷ್ಟು ಭಾರ ಇತ್ತು. ಉಕ್ಕಿನ ಫ್ರೇಮು, ಉಕ್ಕಿನ ರಿಮ್ಮು, ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಮೇಲೆ ಕ್ಯಾರಿಯರ್, ಸ್ಟ್ಯಾಂಡು, ಚೈನ್ ಕವರು, ಡೈನಮೋ. ಹಿಂದೆ ಒಂದು ಮೂಟೆ ಅಕ್ಕಿ ಹೇರಿದರೂ ಮುರೀಬಾರದು ಅಂತ ಮಾಡಿದ ಸೈಕಲ್ ಅದು. ನಿನ್ನದು ಒಂದೇ ಕೆಲಸಕ್ಕೆ, ಬೆಟ್ಟ ಹತ್ತೋದಕ್ಕೆ. ಅದಿರಲಿ, ಆರು ಕಿಲೋ ಅನ್ನೋ ಲೆಕ್ಕ ಎಲ್ಲಿಂದ ಬಂತು?

ಹುಡುಗಿ: ಹೊರದೇಶದ ಹಿಲ್ ಕ್ಲೈಂಬ್ ಸೈಕಲ್‌ಗಳನ್ನು ನೋಡಿ. ಇಂಗ್ಲೆಂಡಿನಲ್ಲಿ 1944ರಿಂದ ಬೆಟ್ಟ ಹತ್ತೋದಕ್ಕೇ ಅಂತ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತೆ. ಅಲ್ಲಿಗೆ ಬರೋರು ಹ್ಯಾಂಡಲ್‌ನ ಕೆಳಭಾಗ ಕತ್ತರಿಸ್ತಾರೆ, ಹ್ಯಾಂಡಲ್ ಟೇಪು ಬಿಚ್ಚಿ ಎಸೀತಾರೆ, ಮುಂದಿನ ಗೇರು ತೆಗೀತಾರೆ. ಐದು ಕಿಲೋ ಚಿಲ್ಲರೆ ತೂಗೋ ಸೈಕಲ್‌ಗಳು ಅಲ್ಲಿ ಸಾಮಾನ್ಯ. ಜಗತ್ತಿನಲ್ಲಿ ಇನ್ನೂ ಹುಚ್ಚರಿದ್ದಾರೆ, ಮೂರು ಕಿಲೋಗಿಂತ ಕಡಿಮೆ ತೂಕದ ರೋಡ್ ಬೈಕ್ ಕಟ್ಟಿದೋರು. ದೊಡ್ಡ ರೇಸುಗಳಲ್ಲಿ ಮಾತ್ರ ಅಂತರರಾಷ್ಟ್ರೀಯ ಒಕ್ಕೂಟ ಯುಸಿಐ 2000ನೇ ಇಸವಿಯಿಂದ 6.8 ಕಿಲೋ ಮಿತಿ ಇಟ್ಟಿದೆ. ಅದಕ್ಕಿಂತ ಹಗುರ ಇದ್ದರೆ ಸೇರಿಸಲ್ಲ.

ದೊಡ್ಡಮ್ಮ: ಒಕ್ಕೂಟದ ಮಾತು ಆಮೇಲೆ ಆಡೋಣ. ಮೊದಲು ಬೆಟ್ಟ ಏನು ಕೇಳುತ್ತೆ ಅಂತ ನೋಡೋಣ. ಪೆನ್ನು ಕೊಡು. ನಿನ್ನ ತೂಕ ಎಷ್ಟು?

ಹುಡುಗಿ: ಅರವತ್ತು.

ದೊಡ್ಡಮ್ಮ: ಸೈಕಲ್ 9.2. ಹೆಲ್ಮೆಟ್, ಶೂ, ಬಟ್ಟೆ, ಫೋನು, ಪಂಪು, ಎರಡು ಬಾಟಲಿ ನೀರು ಎಲ್ಲ ಸೇರಿ 4.8 ಅಂತ ಹಿಡಿ. ಒಟ್ಟು 74. ನಂದಿಯ ಏರು ತಳದಿಂದ ಮೇಲಿನ ಗೇಟಿನವರೆಗೆ ಸುಮಾರು ಏಳೂವರೆ ಕಿಲೋಮೀಟರು, ಸರಾಸರಿ ಏರು ನೂರು ಮೀಟರಿಗೆ ಐದೂಮುಕ್ಕಾಲು ಮೀಟರಿನ ಹತ್ತಿರ. ಅಂದರೆ ನಿನ್ನನ್ನೂ ಸೈಕಲನ್ನೂ ನಾನೂರು ಮೀಟರಿಗಿಂತ ತುಸು ಹೆಚ್ಚು ಎತ್ತರಕ್ಕೆ ಎತ್ತಬೇಕು. ಅರ್ಧ ಗಂಟೆ ಒಂದೇ ಸಮ ತುಳಿದರೆ ಎಷ್ಟು ವಾಟ್ ಬರುತ್ತೆ ನಿನಗೆ?

ಹುಡುಗಿ: ಇನ್ನೂರು. ಪವರ್ ಮೀಟರ್ ಇದೆ ನನ್ನ ಹತ್ತಿರ.

ದೊಡ್ಡಮ್ಮ: ಒಳ್ಳೇದು. ಭೂಮಿ ಹಿಂದಕ್ಕೆ ಎಳೆಯೋದು 41 ನ್ಯೂಟನ್. ಟಯರು ರಸ್ತೆಗೆ ಒತ್ತಿ ಉರುಳೋದರಲ್ಲಿ ಮೂರೂವರೆ. ಗಾಳಿಯದ್ದು, ಆ ವೇಗಕ್ಕೆ, ಬರೀ ಮೂರು. ವೇಗ ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್, ಕಾಲ 31 ನಿಮಿಷ. ಸರಿಯಾ?

ಹುಡುಗಿ: ಹೆಚ್ಚುಕಡಿಮೆ ಅಷ್ಟೇ ತಗೊಳ್ತೀನಿ.

ದೊಡ್ಡಮ್ಮ: ಈಗ ಅದೇ ಲೆಕ್ಕದಲ್ಲಿ ಎರಡು ಕಿಲೋ ಕಡಿಮೆ ಮಾಡ್ತೀನಿ. 41 ಸೆಕೆಂಡ್ ಉಳೀತು. ಅಂದರೆ ನಂದಿಯಲ್ಲಿ ಒಂದು ಕಿಲೋಗೆ ಇಪ್ಪತ್ತು ಸೆಕೆಂಡು. ನೂರು ಗ್ರಾಂಗೆ ಎರಡು ಸೆಕೆಂಡು. ಈ ಒಂದು ಸಂಖ್ಯೆ ನೆನಪಿಟ್ಟುಕೋ. ಅಂಗಡಿಯಲ್ಲಿ ಯಾವ ಭಾಗ ಕೈಗೆ ತಗೊಂಡರೂ ಇದು ಎಷ್ಟು ಸೆಕೆಂಡು, ಎಷ್ಟು ರೂಪಾಯಿ ಅಂತ ಕೇಳಬಹುದು.

ಹುಡುಗಿ: ಗಾಲಿಯ ತೂಕ ಇಳಿಸಿದರೆ ಎರಡರಷ್ಟು ಲಾಭ ಅಂತಾರಲ್ಲ, ತಿರುಗೋ ತೂಕ ಅಂತ?

ದೊಡ್ಡಮ್ಮ: ವೇಗ ಏರಿಸುವಾಗ ಆ ಮಾತು ನಿಜ. ರಿಮ್ಮಿನ ತೂಕ ಮುಂದಕ್ಕೂ ಹೋಗಬೇಕು, ತಿರುಗಲೂ ಬೇಕು. ಆದರೆ ನೀನು ಬೆಟ್ಟದಲ್ಲಿ ಒಂದೇ ವೇಗದಲ್ಲಿ ಹೋಗ್ತಾ ಇರ್ತೀಯ. ಆಗ ರಿಮ್ಮಿನ ನೂರು ಗ್ರಾಂಗೂ ಸೀಟಿನ ನೂರು ಗ್ರಾಂಗೂ ವ್ಯತ್ಯಾಸ ಇಲ್ಲ. ನಂದಿ ಎರಡಕ್ಕೂ ಅದೇ ಎರಡು ಸೆಕೆಂಡು ಕೊಡುತ್ತೆ. ಗಾಲಿಗೆ ದುಡ್ಡು ಹಾಕಬೇಡ ಅಂತಲ್ಲ. ಈ ಒಂದು ಕಾರಣಕ್ಕೆ ಹಾಕಬೇಡ ಅಷ್ಟೇ.

ಹುಡುಗಿ: ಹಾಗಾದರೆ ಯಾವುದಕ್ಕೆ ಮೊದಲು ಹಾಕೋದು?

ದೊಡ್ಡಮ್ಮ: ಟಯರಿಗೆ. ಟಯರಿನ ತೂಕಕ್ಕಲ್ಲ, ಅದು ಉರುಳೋ ರೀತಿಗೆ. ದಪ್ಪ ರಬ್ಬರಿನ, ಬಿರುಸಾದ ಟಯರು ಪ್ರತಿ ಸುತ್ತಿನಲ್ಲೂ ಬಾಗಿ ಬಿಚ್ಚಿಕೊಳ್ಳುವಾಗ ಶಕ್ತಿ ತಿನ್ನುತ್ತೆ. ಒಳ್ಳೆ ರೇಸ್ ಟಯರು ಮೆತ್ತಗಿರುತ್ತೆ, ಕಡಿಮೆ ತಿನ್ನುತ್ತೆ. ಉರುಳುವಿಕೆಯ ಗುಣಾಂಕ 0.006ರಿಂದ 0.004ಕ್ಕೆ ಇಳಿದರೆ ನಂದಿಯಲ್ಲಿ 50 ಸೆಕೆಂಡಿನ ಹತ್ತಿರ ಉಳಿಯುತ್ತೆ. ಅದು ಎರಡೂವರೆ ಕಿಲೋ ಇಳಿಸಿದ್ದಕ್ಕೆ ಸಮ. ಎರಡೂವರೆ ಕಿಲೋ ಇಳಿಸೋಕೆ ಲಕ್ಷ ಲಕ್ಷ ಬೇಕು. ಟಯರಿಗೆ ಕೆಲವು ಸಾವಿರ ಸಾಕು.

ಹುಡುಗಿ: ಟ್ಯೂಬೂ ಹಾಗೇ ದೊಡ್ಡಮ್ಮ. ಮಾಮೂಲಿ ಬ್ಯುಟೈಲ್ ಟ್ಯೂಬು ನೂರು ಗ್ರಾಂ ಮೇಲೆ. ಈಗ ಟಿಪಿಯು ಅಂತ ತೆಳು ಪ್ಲಾಸ್ಟಿಕ್ ಟ್ಯೂಬು ಬಂದಿದೆ, ಬೆಂಕಿಪೊಟ್ಟಣದಷ್ಟು ಮಡಚಬಹುದು, 36 ಗ್ರಾಂ. ಎರಡು ಗಾಲಿಗೂ ಹಾಕಿದರೆ 130 ಗ್ರಾಂ ಹೋಯ್ತು. ಇಡೀ ಸೈಕಲಿನಲ್ಲಿ ಇಷ್ಟು ಅಗ್ಗವಾಗಿ ಗ್ರಾಂ ಇಳಿಯೋ ಜಾಗ ಇನ್ನೊಂದಿಲ್ಲ.

ದೊಡ್ಡಮ್ಮ: ಇದೆ. ನೀರು. ಮುಕ್ಕಾಲು ಲೀಟರಿನ ಎರಡು ಬಾಟಲಿ ತುಂಬಿಕೊಂಡು ಹತ್ತಿದರೆ ಒಂದೂವರೆ ಕಿಲೋ, ಮೂವತ್ತು ಸೆಕೆಂಡು. ಇಲ್ಲಿ ಬಸವನಗುಡಿಯಿಂದ ಅರವತ್ತು ಕಿಲೋಮೀಟರು ತುಳಿದು ತಳ ಮುಟ್ಟೋ ಹೊತ್ತಿಗೆ ಒಂದನ್ನು ಪೂರ್ತಿ ಕುಡಿದು ಮುಗಿಸು. ಇನ್ನೊಂದರಲ್ಲಿ ಅರ್ಧ ಇರಲಿ, ಏರಿನಲ್ಲಿ ಬೇಕಾಗುತ್ತೆ.

ಹುಡುಗಿ: ನಮ್ಮ ಗುಂಪಿನ ಹುಡುಗರು ಇನ್ನೊಂದು ಹೇಳ್ತಾರೆ. ಸೈಕಲ್ ಬಿಡು, ನೀನೇ ಮೂರು ಕಿಲೋ ಇಳಿ, ಪುಕ್ಕಟೆ ಒಂದು ನಿಮಿಷ ಸಿಗುತ್ತೆ ಅಂತ.

ದೊಡ್ಡಮ್ಮ: ಲೆಕ್ಕ ಸರಿ, ಬುದ್ಧಿ ಸರಿಯಿಲ್ಲ. ನಿನಗೆ ಅರವತ್ತು ಹೆಚ್ಚೇನಲ್ಲ. ಊಟ ಬಿಟ್ಟು ಇಳಿಸಿದ ಮೂರು ಕಿಲೋದಲ್ಲಿ ಮಾಂಸಖಂಡವೂ ಹೋಗುತ್ತೆ. ಹತ್ತು ವಾಟ್ ಕಡಿಮೆ ಆಯ್ತು ಅಂದುಕೋ, ಅದೇ ನಂದಿಯಲ್ಲಿ ಒಂದೂಕಾಲು ನಿಮಿಷಕ್ಕಿಂತ ಹೆಚ್ಚು ಕಳೀತು. ಗಳಿಸಿದ್ದಕ್ಕಿಂತ ಕಳಕೊಂಡಿದ್ದೇ ಜಾಸ್ತಿ. ಅದಕ್ಕಿಂತ ದೊಡ್ಡ ವಿಷಯ, ತುಳಿಯೋ ಅಷ್ಟಕ್ಕೆ ತಿನ್ನದೇ ಇದ್ದರೆ ಹೆಣ್ಣುಮಕ್ಕಳ ಮುಟ್ಟು ನಿಲ್ಲುತ್ತೆ, ಎಲುಬು ಸವೆಯುತ್ತೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ವೈದ್ಯರು 2014ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದ್ದಾರೆ, ಗಂಡಸರಿಗೂ ಬರುತ್ತೆ ಅಂತ ಸೇರಿಸಿಯೇ. ಆ ಹುಡುಗರಿಗೆ ಹೇಳು. ಗ್ರಾಂ ತೆಗೆಯೋದಾದರೆ ಲೋಹದಿಂದ ತೆಗೀರಿ.

ಹುಡುಗಿ: ಹತ್ತು ವಾಟ್ ಜಾಸ್ತಿ ಮಾಡಿಕೊಂಡರೆ?

ದೊಡ್ಡಮ್ಮ: 78 ಸೆಕೆಂಡು ಲಾಭ. ಸುಮಾರು ನಾಲ್ಕು ಕಿಲೋ ಸೈಕಲ್ ಮಾಯ ಆದ ಹಾಗೆ.

ಹುಡುಗಿ: ಅದಕ್ಕೇ ಪವರ್ ಮೀಟರ್ ತೆಗೆಯಲ್ಲ ನಾನು. ಅದೂ ಗ್ರಾಂ ಲೆಕ್ಕದಲ್ಲಿ ಭಾರವೇ, ಆದರೆ ಅದಿಲ್ಲದೆ ಅಭ್ಯಾಸ ಕುರುಡು. ಬೆಂಗಳೂರಿನ ನವೀನ್ ಜಾನ್ 2014ರಲ್ಲಿ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆಗಿ, 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್ಪಿಗೂ ಹೋಗಿ ಬಂದರಲ್ಲ, ಅಲ್ಲಿಂದ ಈಚೆಗೆ ಇಲ್ಲಿ ತುಳಿಯೋರೆಲ್ಲ ವಾಟ್ ಭಾಷೆ ಕಲಿತರು. ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್‌ನವರು ನಂದಿಯಲ್ಲಿ ಹಿಲ್ ಕ್ಲೈಂಬ್ ಇಟ್ಟರೆ ತಳದಲ್ಲಿ ನಿಂತು ಮಾತಾಡೋದು ಬರೀ ಅದೇ. ಆದರೆ ದೊಡ್ಡಮ್ಮ, ಒಂದು ಮಾತು ಹೇಳ್ತೀನಿ. ಹಗುರ ಸೈಕಲಿನ ಆಸೆ ಬರೀ ಸೆಕೆಂಡಿಗೆ ಅಲ್ಲ. ಒಂದು ಬೆರಳಲ್ಲಿ ಎತ್ತೋ ಸೈಕಲ್ ಮೇಲೆ ಕೂತು, ಬ್ಯೂಗಲ್ ರಾಕ್ ಪಕ್ಕದ ಏರಿನಲ್ಲಿ ಎದ್ದು ನಿಂತು ತುಳಿದರೆ, ಅದು ಕಾಲ ಕೆಳಗೆ ಮುಂದಕ್ಕೆ ಜಿಗಿಯುತ್ತೆ. ಅದು ಲೆಕ್ಕದಲ್ಲಿ ಬರಲ್ಲ.

ದೊಡ್ಡಮ್ಮ: ಬರಬೇಕಾಗಿಲ್ಲ. ಆ ಆಸೆ ನನಗೆ ಅರ್ಥ ಆಗುತ್ತೆ. ವಿಮಾನ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಕಾಂಪೋಸಿಟ್ ಕೆಲಸ ಮಾಡಿದವಳು ನಾನು. ತೇಜಸ್ ವಿಮಾನದ ಬಾಲದ ಫಿನ್ನು, ರಡ್ಡರು ಎಲ್ಲ ಕಾರ್ಬನ್. ಕಾರ್ಬನ್ ಹಾಳೆ ಪದರ ಪದರವಾಗಿ ಹಾಸಿ, ಆಟೋಕ್ಲೇವಿನಲ್ಲಿ ಕಾವೂ ಒತ್ತಡವೂ ಕೊಟ್ಟು ಬೇಯಿಸಿ ತೆಗೆದ ಭಾಗವನ್ನು ಮೊದಲ ಸಲ ಕೈಯಲ್ಲಿ ಎತ್ತಿದಾಗ ಆಗೋ ಸಂತೋಷ ಅದೇ. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ತೇಜಸ್ ಮೊದಲ ಸಲ ಹಾರಿದಾಗ ನಮ್ಮ ವಿಭಾಗದಲ್ಲಿ ಅಳದೇ ಇದ್ದೋರು ಕಡಿಮೆ. ಅದಕ್ಕೇ ನಿನ್ನ ಫ್ರೇಮಿನ ಬಗ್ಗೆ ನನಗೆ ಮಾತಾಡೋದಿದೆ. ಏನು ನೋಡಿಟ್ಟಿದ್ದೀಯ?

ಹುಡುಗಿ: ಕಂಪನಿಗಳ ತುದಿ ಮಾಡೆಲ್ಲುಗಳ ಫ್ರೇಮು ಆರುನೂರು, ಏಳುನೂರು ಗ್ರಾಂ. 2014ರಲ್ಲಿ ಟ್ರೆಕ್‌ನವರು 690 ಗ್ರಾಂ ಫ್ರೇಮಿನ ಎಮೊಂಡಾ ತಂದರು. 2020ರಲ್ಲಿ ಸ್ಪೆಷಲೈಜ್ಡ್‌ನವರ ಏಥಾಸ್ 585 ಗ್ರಾಂ. ಅದೆಲ್ಲ ನನ್ನ ಕೈಗೆಟುಕಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ರಿಮ್ ಬ್ರೇಕಿನ ಕಾರ್ಬನ್ ಫ್ರೇಮು ಸಿಗುತ್ತೆ, ಒಂಬೈನೂರು ಗ್ರಾಂನದ್ದು. ಎಲ್ಲರೂ ಡಿಸ್ಕ್ ಬ್ರೇಕಿಗೆ ಹೋಗ್ತಿರೋದರಿಂದ ರಿಮ್ ಬ್ರೇಕಿನ ಒಳ್ಳೊಳ್ಳೆ ಫ್ರೇಮುಗಳ ಬೆಲೆ ಬಿದ್ದಿದೆ. ಡಿಸ್ಕಿಗಿಂತ ಒಟ್ಟು ಸೈಕಲಿನಲ್ಲಿ ನಾನೂರು ಗ್ರಾಂ ಆದರೂ ಹಗುರ.

ದೊಡ್ಡಮ್ಮ: ಒಳ್ಳೆ ದಾರಿ. ಆದರೆ ಕಾರ್ಬನ್ ಹೇಗೆ ಕೆಲಸ ಮಾಡುತ್ತೆ ತಿಳಕೊಂಡು ಹೋಗು. ಉಕ್ಕಿನ ಸಾಂದ್ರತೆ 7.8, ಅಲ್ಯೂಮಿನಿಯಂ 2.7, ಕಾರ್ಬನ್ ಕಾಂಪೋಸಿಟ್ 1.6. ಹಗುರದ ಮೂಲ ಅಲ್ಲಿದೆ. ಆದರೆ ಅದರ ಬಲ ಎಳೆ ಹೋದ ದಿಕ್ಕಿಗೆ ಮಾತ್ರ. ಎಳೆಗೆ ಅಡ್ಡವಾಗಿ ಬರೀ ರೆಸಿನ್ನಿನ ಬಲ. ಅದಕ್ಕೇ ಪದರಗಳನ್ನು ಉದ್ದಕ್ಕೆ, ಓರೆಗೆ, ಅಡ್ಡಕ್ಕೆ ಬೇರೆ ಬೇರೆ ಕೋನದಲ್ಲಿ ಹಾಸ್ತಾರೆ. ಹಗುರ ಮಾಡೋದು ಅಂದರೆ ಕೆಲವು ಪದರ ಬಿಡೋದು. ನೀನು ತುಳಿಯೋ ಬಲಕ್ಕೆ, ರಸ್ತೆಯ ಗುದ್ದಿಗೆ ಎಷ್ಟು ಬೇಕೋ ಅಷ್ಟು ಇಡ್ತಾರೆ. ಪಕ್ಕದಿಂದ ಬೀಳೋ ಪೆಟ್ಟಿಗೆ ಲೆಕ್ಕ ಇಡೋದು ಕಡಿಮೆ. ಗಾಂಧಿ ಬಜಾರಿನಲ್ಲಿ ಸೈಕಲ್ ಒರಗಿಸಿ ತಿಂಡಿಗೆ ಹೋದೆ, ಸ್ಕೂಟರ್ ತೆಗೆಯೋರ ಹ್ಯಾಂಡಲ್ ತಗುಲಿ ಬಿತ್ತು, ನಿನ್ನದೇ ಹ್ಯಾಂಡಲ್ ತಿರುಗಿ ಮೇಲಿನ ಕೊಳವೆಗೆ ಬಡೀತು. ಉಕ್ಕಾಗಿದ್ದರೆ ತಗ್ಗು ಬೀಳ್ತಿತ್ತು, ಕಣ್ಣಿಗೆ ಕಾಣ್ತಿತ್ತು. ಕಾರ್ಬನ್ನಿನಲ್ಲಿ ಹೊರಗಿನ ಬಣ್ಣ ಹಾಗೇ ಇರುತ್ತೆ, ಒಳಗೆ ಪದರ ಬಿಟ್ಟುಕೊಂಡಿರುತ್ತೆ.

ಹುಡುಗಿ: ಹಾಗಾದರೆ ಸೆಕೆಂಡ್ ಹ್ಯಾಂಡ್ ತಗೊಳ್ಳೋದು ತಪ್ಪಾ?

ದೊಡ್ಡಮ್ಮ: ತಪ್ಪಲ್ಲ, ನೋಡಿ ತಗೋಬೇಕು. ವಿಮಾನದ ಭಾಗಕ್ಕೇ ನಾವು ಮಾಡ್ತಿದ್ದ ಸುಲಭದ ಪರೀಕ್ಷೆ ಒಂದಿದೆ. ನಾಣ್ಯ ತಗೊಂಡು ಕೊಳವೆಯ ಉದ್ದಕ್ಕೂ ಮೆಲ್ಲಗೆ ತಟ್ಟಬೇಕು. ಗಟ್ಟಿ ಇರೋ ಕಡೆ ಸದ್ದು ತೀಕ್ಷ್ಣವಾಗಿರುತ್ತೆ. ಪದರ ಬಿಟ್ಟ ಕಡೆ ಮಂಕಾಗುತ್ತೆ. ಕೊಳವೆಯ ದಪ್ಪ ಬದಲಾಗೋ ಕಡೆಯೂ ಸದ್ದು ಬದಲಾಗುತ್ತೆ, ಅದಕ್ಕೆ ಹೆದರಬಾರದು. ಎಡಗಡೆ ತಟ್ಟಿದ ಜಾಗವನ್ನೇ ಬಲಗಡೆಯೂ ತಟ್ಟಿ ಹೋಲಿಸಬೇಕು. ಪೆಡಲಿನ ಬಾಟಮ್ ಬ್ರಾಕೆಟ್ ಸುತ್ತ, ಹ್ಯಾಂಡಲ್ ಕೂರೋ ಹೆಡ್ ಟ್ಯೂಬು, ಸೀಟಿನ ಕ್ಲ್ಯಾಂಪು, ಹಿಂದಿನ ಗಾಲಿ ಹಿಡಿಯೋ ಜಾಗ, ಈ ನಾಲ್ಕು ಕಡೆ ಕೂದಲೆಳೆಯ ಬಿರುಕು ಇದೆಯಾ ಟಾರ್ಚ್ ಹಾಕಿ ನೋಡಬೇಕು. ಸೀಟ್ ಪೋಸ್ಟ್ ಹೊರಗೆ ಬರುತ್ತಾ ಎಳೆದು ನೋಡು. ಅಲ್ಯೂಮಿನಿಯಂ ಪೋಸ್ಟು ಕಾರ್ಬನ್ ಫ್ರೇಮಿನೊಳಗೆ ವರ್ಷಗಟ್ಟಲೆ ಕೂತರೆ, ಬೆವರಿನ ಉಪ್ಪು ಸೇರಿ, ಎರಡರ ನಡುವೆ ವಿದ್ಯುತ್ ಹರಿದು ಅಲ್ಯೂಮಿನಿಯಂ ಸವೆದು ಅಲ್ಲೇ ಕಚ್ಚಿಕೊಳ್ಳುತ್ತೆ. ವಿಮಾನದಲ್ಲಿ ಅದಕ್ಕೇ ಮಧ್ಯೆ ಗ್ಲಾಸ್ ಫೈಬರ್ ಪದರ ಇಡ್ತೀವಿ.

ಹುಡುಗಿ: ಫ್ರೇಮು ಸರಿ. ಹ್ಯಾಂಡಲ್ಲು? ಕಾರ್ಬನ್ ಹ್ಯಾಂಡಲ್ಲು, ಸ್ಟೆಮ್ಮು ಎರಡೂ ಸೇರಿ ಇನ್ನೂರೈವತ್ತು ಗ್ರಾಂಗೆ ಸಿಗುತ್ತೆ. ಹೆಸರಿಲ್ಲದ ಮಾಲು ಬಹಳ ಅಗ್ಗ.

ದೊಡ್ಡಮ್ಮ: ಬೇಡ. ಇಲ್ಲಿ ನಾನು ಗಟ್ಟಿಯಾಗಿ ಹೇಳ್ತೀನಿ, ಬೇಡ. ಯಾರು ಹಾಸಿದರು, ಎಷ್ಟು ಪದರ, ಎಷ್ಟು ಕಾವಿಗೆ ಬೇಯಿಸಿದರು, ಪರೀಕ್ಷೆ ಆಯಿತೋ ಇಲ್ಲವೋ ಗೊತ್ತಿಲ್ಲದ ಕಾರ್ಬನ್ನಿನ ಮೇಲೆ ಎದೆಭಾರ ಹಾಕಬಾರದು. ಉಕ್ಕು ಸೋಲೋ ಮೊದಲು ಬಾಗುತ್ತೆ. ಕಾರ್ಬನ್ ಬಾಗಲ್ಲ, ಒಂದೇ ಸಲ ಹೋಗುತ್ತೆ. ಅದು ಹೋಗೋದು ಹತ್ತುವಾಗಲ್ಲ, ಇಳಿಯುವಾಗ ಬ್ರೇಕ್ ಒತ್ತಿ ಮುಂದಕ್ಕೆ ಬಾಗಿದಾಗ. ನೀವೆಲ್ಲ ಬೆಟ್ಟ ಹತ್ತೋ ಸೈಕಲ್ ಅಂತೀರಿ. ನಂದಿಯಲ್ಲಿ ಹತ್ತಿದೋರೆಲ್ಲ ಅದೇ ತಿರುವುಗಳಲ್ಲಿ, ಎದುರು ಬರೋ ಕಾರುಗಳ ನಡುವೆ, ಅದೇ ಸೈಕಲಿನಲ್ಲಿ ಇಳೀಬೇಕು.

ಹುಡುಗಿ: ಇಂಗ್ಲೆಂಡಿನ ರೇಸಿನಲ್ಲಿ ಹತ್ತಿ ಮುಗಿಸಿದ ಮೇಲೆ ಮೆಲ್ಲಗೆ ಇಳಿದು ಮನೆಗೆ ಹೋಗ್ತಾರೆ, ಏರೂ ಕೆಲವೇ ನಿಮಿಷದ್ದು. ನಮ್ಮದು ಬೇರೆ ಅಂತೀರಾ?

ದೊಡ್ಡಮ್ಮ: ಲೆಕ್ಕ ಹಾಕು. 74 ಕಿಲೋ ನಾನೂರಿಪ್ಪತ್ತೇಳು ಮೀಟರ್ ಇಳಿದರೆ ಬಿಡುಗಡೆ ಆಗೋ ಶಕ್ತಿ ಮೂರು ಲಕ್ಷ ಜೂಲಿಗಿಂತ ಹೆಚ್ಚು. ಒಂದು ಲೀಟರ್ ತಣ್ಣೀರನ್ನು ಕುದಿಸೋ ಅಷ್ಟು ಕಾವು. ಒಂದು ಪಾಲು ಗಾಳಿಗೆ ಹೋಗುತ್ತೆ. ತಿರುವು ತಿರುವಿಗೂ ಬ್ರೇಕ್ ಒತ್ತಿ ಮೆಲ್ಲಗೆ ಇಳಿಯೋರಿಗೆ ದೊಡ್ಡ ಪಾಲು ಎರಡು ರಿಮ್ಮಿಗೇ ಹೋಗುತ್ತೆ. ಅಲ್ಯೂಮಿನಿಯಂ ರಿಮ್ಮು ಕಾವನ್ನು ಹರಡಿ ಗಾಳಿಗೆ ಬಿಡುತ್ತೆ. ಕಾರ್ಬನ್ ರಿಮ್ಮು ಅಷ್ಟು ಬೇಗ ಬಿಡಲ್ಲ. ಬ್ರೇಕ್ ತಾಗೋ ಜಾಗದಲ್ಲೇ ಕಾವು ನಿಂತು, ರೆಸಿನ್ ಮೆತ್ತಗಾಗೋ ಮಟ್ಟಕ್ಕೆ ಹೋದರೆ ಟಯರಿನ ಒತ್ತಡಕ್ಕೆ ರಿಮ್ಮಿನ ಅಂಚು ಹೊರಕ್ಕೆ ಬಾಗುತ್ತೆ. ಆಮೇಲೆ ಮಳೆ. ಒದ್ದೆ ಕಾರ್ಬನ್ ರಿಮ್ಮಿನ ಮೇಲೆ ಬ್ರೇಕ್ ಶೂ ಹಿಡಿಯೋದು ತಡವಾಗುತ್ತೆ. ಜೂನ್ ತಿಂಗಳಲ್ಲಿ ನಂದಿಯಿಂದ ಇಳಿಯೋರಿಗೆ ಇದು ಗೊತ್ತಿರಬೇಕು.

ಹುಡುಗಿ: ಹಾಗಾದರೆ ರಿಮ್ ಬ್ರೇಕಿಗೆ ಅಲ್ಯೂಮಿನಿಯಂ ರಿಮ್ಮು. ಒಪ್ಪಿದೆ. ಚಾಮರಾಜಪೇಟೆಯಲ್ಲಿ ಒಬ್ಬರು ಹಳೆ ಮೆಕ್ಯಾನಿಕ್ ಇದ್ದಾರೆ, ಗಾಲಿ ಕಟ್ಟೋದು ಅಂದರೆ ಅವರೇ. ಹಗುರದ ಹಬ್ಬು, ರಿಮ್ಮು, ನಡುವೆ ತೆಳ್ಳಗಾಗೋ ಕಡ್ಡಿ ತಂದುಕೊಟ್ಟರೆ ಕಟ್ಟಿಕೊಡ್ತೀನಿ ಅಂದಿದ್ದಾರೆ. ನನ್ನ ತೂಕಕ್ಕೆ ಮುಂದೆ 20, ಹಿಂದೆ 24 ಕಡ್ಡಿ ಸಾಕು. ಎರಡೂ ಸೇರಿ 1,450 ಗ್ರಾಂ ಬರುತ್ತೆ. ಈಗಿರೋದು ಎರಡು ಕಿಲೋ ಹತ್ತಿರ ಇದೆ. ಅವರು ಬೆಂಡು ತೆಗೆಯೋದು ನೋಡಬೇಕು ದೊಡ್ಡಮ್ಮ. ಗಾಲಿ ತಿರುಗಿಸಿ, ಎರಡೆರಡು ಕಡ್ಡಿ ಬೆರಳಲ್ಲಿ ಮೀಟಿ ಸದ್ದು ಕೇಳ್ತಾರೆ. ಯಾವುದು ಸಡಿಲ, ಯಾವುದು ಬಿಗಿ ಅಂತ ಅದರಲ್ಲೇ ಹೇಳಿಬಿಡ್ತಾರೆ.

ದೊಡ್ಡಮ್ಮ: ಅವರು ಸದ್ದಿನಲ್ಲಿ ಅಳೆಯೋದು ಕಡ್ಡಿಯ ಬಿಗಿತವನ್ನೇ. ಒಂದೇ ಉದ್ದ, ಒಂದೇ ದಪ್ಪದ ಕಡ್ಡಿಗೆ ಬಿಗಿ ಹೆಚ್ಚಾದರೆ ಸ್ವರ ಏರುತ್ತೆ. ಅಪ್ಪಟ ವಿಜ್ಞಾನ ಅದು. ಕಡ್ಡಿ ಕಡಿಮೆ ಆದಷ್ಟೂ ಒಂದೊಂದರ ಮೇಲಿನ ಹೊರೆ ಹೆಚ್ಚು, ಹಾಗಾಗಿ ಬಿಗಿತ ಸಮ ಇರಬೇಕಾದ್ದು ಇನ್ನೂ ಮುಖ್ಯ. ಹೊರಗಿಂದ ತರಿಸಿದ ಯಾವ ಹೆಸರಾಂತ ಗಾಲಿಗಿಂತಲೂ ಅವರ ಕೈಯ ಗಾಲಿ ನಿನಗೆ ಹೆಚ್ಚು ಕಾಲ ಬಾಳುತ್ತೆ ಅಂತ ನನ್ನ ನಂಬಿಕೆ. ಕಡ್ಡಿ ಹೋದರೆ ಅವರೇ ಹಾಕಿಕೊಡ್ತಾರೆ, ಅದೂ ಇದೆ. ಬೋಲ್ಟು ಮಾತ್ರ ಅವರ ಕೈ ಅಂದಾಜಿಗೆ ಬಿಡಬೇಡ.

ಹುಡುಗಿ: ಯಾಕೆ?

ದೊಡ್ಡಮ್ಮ: ಅವರ ಕೈ ಪಳಗಿರೋದು ಉಕ್ಕಿಗೆ. ಉಕ್ಕಿಗೆ ಕಾಲು ಸುತ್ತು ಹೆಚ್ಚಾದರೂ ನಡೆಯುತ್ತೆ. ಕಾರ್ಬನ್ ಸುತ್ತ ಇರೋ ಕ್ಲ್ಯಾಂಪಿನ ಮೇಲೆ 5 ನ್ಯೂಟನ್ ಮೀಟರ್ ಅಂತ ಬರೆದಿದ್ದರೆ ಐದೇ. ಟಾರ್ಕ್ ರೆಂಚ್ ಒಂದು ಕೊಂಡುಕೋ. ಜಾರಬಾರದು ಅಂತ ಹೆಚ್ಚು ಬಿಗಿ ಮಾಡೋ ಬದಲು ಕಾರ್ಬನ್ ಪೇಸ್ಟ್ ಸವರು. ಅದರಲ್ಲಿರೋ ಸಣ್ಣ ಹರಳು ಕಡಿಮೆ ಬಿಗಿಯಲ್ಲೇ ಹಿಡಿದುಕೊಳ್ಳುತ್ತೆ.

ಹುಡುಗಿ: ಟೈಟೇನಿಯಂ ಬೋಲ್ಟು ಹಾಕೋಣ ಅಂತಿದ್ದೆ.

ದೊಡ್ಡಮ್ಮ: ಒಂದು ಬೋಲ್ಟಿಗೆ ಎರಡು ಗ್ರಾಂ ಉಳಿಯುತ್ತೆ. ಎಲ್ಲ ಬದಲಾಯಿಸಿದರೂ ಒಂದು ಸೆಕೆಂಡಿನ ಆಸುಪಾಸು. ಬಾಟಲಿ ಹಿಡಿಕೆಗೆ ಬೇಕಾದರೆ ಅಲ್ಯೂಮಿನಿಯಂ ಹಾಕು. ಸ್ಟೆಮ್ಮಿಗೆ, ಬ್ರೇಕಿಗೆ ಕಂಪನಿ ಕೊಟ್ಟ ಉಕ್ಕೇ ಇರಲಿ.

ಹುಡುಗಿ: ಗೇರಿನಲ್ಲಿ ನನಗೊಂದು ಯೋಚನೆ ಇದೆ. ಮುಂದಿನ ಎರಡು ಚೈನ್‌ರಿಂಗಲ್ಲಿ ಒಂದನ್ನು ತೆಗೆದು, ಮುಂದಿನ ಡಿರೇಲರೂ ಎಡಗೈ ಶಿಫ್ಟರಿನ ಯಂತ್ರವೂ ಕೇಬಲ್ಲೂ ತೆಗೆದುಬಿಟ್ಟರೆ ಮುನ್ನೂರು ಗ್ರಾಂ ಹತ್ತಿರ ಹೋಗುತ್ತೆ. ದುಡ್ಡು ಖರ್ಚಾಗೋದಿಲ್ಲ, ಉಳಿಯುತ್ತೆ. ಮುಂದೆ 40 ಹಲ್ಲು, ಹಿಂದೆ 28, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರು. ನೀವು ಈಗ ತೆಗೆದ ವೇಗ ಅದೇ ಅಲ್ವಾ? ಅದಕ್ಕಿಂತ ಕಡಿದಾದ ತಿರುವಿಗೆ ಹಿಂದೆ 30 ಇದೆ.

ದೊಡ್ಡಮ್ಮ: ನಂದಿಗೆ ಸರಿಹೋಯ್ತು. ಬೇರೆ ಬೆಟ್ಟಕ್ಕೆ?

ಹುಡುಗಿ: ದೇವರಾಯನದುರ್ಗಕ್ಕೆ ನಡೆಯುತ್ತೆ. ನೀಲಗಿರಿಗೆ ನಡೆಯಲ್ಲ. 2008ರಲ್ಲಿ ಬೆಂಗಳೂರಿನೋರು ಶುರುಮಾಡಿದ ಟೂರ್ ಆಫ್ ನೀಲಗಿರೀಸ್‌ನಲ್ಲಿ ಮಸಿನಗುಡಿಯಿಂದ ಊಟಿಗೆ ಕಲ್ಲಹಟ್ಟಿ ಘಾಟು ಹತ್ತಿಸ್ತಾರೆ, 36 ಹೇರ್‌ಪಿನ್ ತಿರುವು. ಅಲ್ಲಿ ಇಂಥ ಗೇರು ಹಾಕಿಕೊಂಡು ಹೋದರೆ ಇಳಿದು ತಳ್ಳಬೇಕು. ಅಲ್ಲಿಗೆ ಹೋಗೋ ವರ್ಷ 34ರ ಚೈನ್‌ರಿಂಗ್ ಹಾಕಿ, ಹಿಂದೆ ಇನ್ನೂ ದೊಡ್ಡ ಹಲ್ಲಿನ ಕ್ಯಾಸೆಟ್ ಹಾಕ್ತೀನಿ.

ದೊಡ್ಡಮ್ಮ: ಭಾರ ಆಗುತ್ತಲ್ಲ?

ಹುಡುಗಿ: ಆಗಲಿ. ಮಂಡಿ ಉಳಿಯುತ್ತೆ.

ದೊಡ್ಡಮ್ಮ: ಸರಿಯಾದ ಮಾತು. ಯಂತ್ರ ಕೆಲಸಕ್ಕೆ ತಕ್ಕ ಹಾಗಿರಬೇಕು. 1972ರಲ್ಲಿ ಎಡ್ಡಿ ಮೆರ್ಕ್ಸ್ ಮೆಕ್ಸಿಕೋದಲ್ಲಿ ಒಂದು ಗಂಟೆಯ ದಾಖಲೆ ಮಾಡಿದನಲ್ಲ, 49.431 ಕಿಲೋಮೀಟರು, ಆ ಸೈಕಲಿನ ಬಗ್ಗೆ ಓದಿದ್ದೆ. ಎರ್ನೆಸ್ಟೋ ಕೊಲ್ನಾಗೋ ಕಟ್ಟಿದ್ದು. ಉಕ್ಕಿನ ಫ್ರೇಮು, ಆದರೂ ಆರು ಕಿಲೋ ಒಳಗೆ. ಚೈನಿನ ಕೊಂಡಿಗಳಿಗೂ ತೂತು ಕೊರೆದಿದ್ದರು. ಅದು ಬ್ರೇಕೇ ಇಲ್ಲದ ಟ್ರ್ಯಾಕ್ ಸೈಕಲ್ಲು, ನಯವಾದ ಟ್ರ್ಯಾಕು, ಒಂದೇ ಗಂಟೆಯ ಕೆಲಸ. ಅಲ್ಲಿಗೆ ಅದು ನ್ಯಾಯ. ಅದನ್ನು ನೋಡಿ ಎಪ್ಪತ್ತರ ದಶಕದಲ್ಲಿ ರಸ್ತೆಯ ಸೈಕಲಿನ ಬ್ರೇಕ್ ಹಿಡಿಗೂ ತೂತು ಕೊರೆದೋರು ಇದ್ದಾರೆ. ಅದು ಬೇಡ. ಒಕ್ಕೂಟ 6.8ರ ಮಿತಿ ತಂದಿದ್ದೂ ಇಂಥ ಪೈಪೋಟಿ ಅಪಾಯಕ್ಕೆ ಹೋಗಬಾರದು ಅಂತಲೇ. ಇವತ್ತಿನ ಕಾರ್ಬನ್ನಿಗೆ ಆ ಮಿತಿ ಹಳೇದಾಯ್ತು ಅನ್ನೋ ವಾದದಲ್ಲಿ ತಿರುಳಿದೆ, ಏಳುನೂರು ಗ್ರಾಂನ ಒಳ್ಳೆ ಫ್ರೇಮು ಪರೀಕ್ಷೆಯಲ್ಲಿ ಗಟ್ಟಿಯಾಗೇ ನಿಲ್ಲುತ್ತೆ. ಆದರೆ ತಯಾರಿಸಿದ ಕಂಪನಿ ಪರೀಕ್ಷೆ ಮಾಡಿದ್ದು ಬೇರೆ, ನಾವು ಮನೆಯಲ್ಲಿ ಕೂತು ಅಲ್ಲೊಂದು ಇಲ್ಲೊಂದು ಭಾಗ ಜೋಡಿಸಿದ್ದು ಬೇರೆ.

ಹುಡುಗಿ: ಇನ್ನೊಂದು ವಿಷಯ ಮನಸ್ಸಲ್ಲಿ ಕೊರೀತಾ ಇತ್ತು. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರಾಜ್ಯಕ್ಕೆ ಸೈಕ್ಲಿಂಗಿನಲ್ಲಿ ಎಷ್ಟು ಪದಕ ತಂದಿದ್ದಾರೆ. ಅಲ್ಲಿ ಎಷ್ಟೋ ಮಕ್ಕಳು ಶುರು ಮಾಡೋದು ಬೇರೆಯೋರು ಬಿಟ್ಟ ಸೈಕಲಿನಲ್ಲಿ. ನಾನಿಲ್ಲಿ ನೂರು ಗ್ರಾಂಗೆ ಹತ್ತು ಸಾವಿರ ಕೊಡೋದು ಸರೀನಾ?

ದೊಡ್ಡಮ್ಮ: ನೂರು ಗ್ರಾಂಗೆ ಹತ್ತು ಸಾವಿರ ಕೇಳೋ ಭಾಗ ಯಾವುದೂ ನಿನ್ನ ಸೈಕಲಿಗೆ ಬೇಡ. ಎರಡು ಸೆಕೆಂಡಿಗೆ ಅಷ್ಟು ಕೊಡೋ ಅಗತ್ಯ ಜೀವನಕ್ಕೆ ತುಳಿಯೋರಿಗೆ ಮಾತ್ರ. ಈಗಿನ ಅಲ್ಯೂಮಿನಿಯಂ ಸೈಕಲನ್ನು ಮಾರಿ ಆ ದುಡ್ಡು ಸೀಟಿಗೆ, ಪೆಡಲಿಗೆ ಹಾಕಬೇಡ. ಸರ್ವಿಸ್ ಮಾಡಿಸಿ, ಅಲ್ಲಿನ ಒಬ್ಬ ಕಲಿಯೋ ಹುಡುಗಿಗೆ ಕೊಡು. ಒಂಬತ್ತು ಕಿಲೋದ ಗೇರ್ ಸೈಕಲ್ ಹದಿನಾಲ್ಕು ವರ್ಷದ ಮಗುವಿಗೆ ಬಹಳ ಆಯ್ತು. ಈಗ ಕೂಡಿಸೋಣ, ಎಷ್ಟು ಬರುತ್ತೆ ನೋಡೋಣ. ಹೇಳು.

ಹುಡುಗಿ: ಫ್ರೇಮು 900, ಫೋರ್ಕು 350, ಹೆಡ್‌ಸೆಟ್ಟು 100.

ದೊಡ್ಡಮ್ಮ: 1,350.

ಹುಡುಗಿ: ಗಾಲಿ 1,450, ಆಕ್ಸಲ್ ಹಿಡಿಯೋ ಸ್ಕ್ಯೂವರುಗಳು 80, ಟಯರು ಎರಡೂ ಸೇರಿ 420, ಟ್ಯೂಬು 72, ರಿಮ್ ಟೇಪು 30.

ದೊಡ್ಡಮ್ಮ: 2,052. ಒಟ್ಟು 3,402.

ಹುಡುಗಿ: ಕ್ರ್ಯಾಂಕು, ಒಂದು ಚೈನ್‌ರಿಂಗು, ಬಾಟಮ್ ಬ್ರಾಕೆಟ್ಟು ಸೇರಿ 680. ಕ್ಯಾಸೆಟ್ಟು 300, ಚೈನು 245, ಹಿಂದಿನ ಡಿರೇಲರು 220.

ದೊಡ್ಡಮ್ಮ: 1,445. ಒಟ್ಟು 4,847.

ಹುಡುಗಿ: ಲಿವರು 400, ಬ್ರೇಕು 350, ಕೇಬಲ್ಲು 150. ಹ್ಯಾಂಡಲ್ಲು ಅಲ್ಯೂಮಿನಿಯಂದೇ, 250. ಸ್ಟೆಮ್ಮು 120, ಟೇಪು 50. ಸೀಟ್ ಪೋಸ್ಟು 190, ಸೀಟು 180. ಪೆಡಲು 250, ಬಾಟಲಿ ಹಿಡಿಕೆ 30.

ದೊಡ್ಡಮ್ಮ: ಎಲ್ಲ ಸೇರಿ ಆರು ಕಿಲೋ ಎಂಟುನೂರ ಹದಿನೇಳು ಗ್ರಾಂ.

ಹುಡುಗಿ: ಯುಸಿಐ ಮಿತಿಗಿಂತ ಹದಿನೇಳೇ ಗ್ರಾಂ ಜಾಸ್ತಿ! ಟೈಟೇನಿಯಂ ಇಲ್ಲದೆ, ಕಾರ್ಬನ್ ರಿಮ್ಮೂ ಇಲ್ಲದೆ.

ದೊಡ್ಡಮ್ಮ: ಈಗಿರೋದಕ್ಕಿಂತ 2.4 ಕಿಲೋ ಕಡಿಮೆ. ನಂದಿಯಲ್ಲಿ ನಲವತ್ತೆಂಟು ಸೆಕೆಂಡು. ಟಯರು ಬದಲಾಯಿಸಿದ್ದು, ನೀರು ಇಳಿಸಿದ್ದು ಸೇರಿದರೆ ಎರಡು ನಿಮಿಷದ ಹತ್ತಿರ ಬರ್ತೀಯ. ಆರು ಕಿಲೋ ಮಾಡೋಕೆ ಇನ್ನೂ ಎಂಟುನೂರು ಗ್ರಾಂ ತೆಗೀಬೇಕು. ಅದು ಹದಿನಾರು ಸೆಕೆಂಡು. ಆ ಎಂಟುನೂರು ಗ್ರಾಂ ಇನ್ನು ಬರೋದು ಬ್ರೇಕಿಂದ, ಹ್ಯಾಂಡಲಿಂದ, ಗಾಲಿಯಿಂದ. ಅಲ್ಲಿಂದ ತೆಗೆಯೋದು ಬೇಡ. ಇಲ್ಲಿಗೇ ನಿಲ್ಲಿಸು.

ಹುಡುಗಿ: ಸರಿ. ಯಾವುದರಿಂದ ಶುರು ಮಾಡಲಿ?

ದೊಡ್ಡಮ್ಮ: ಟಯರು, ಟ್ಯೂಬು ಈ ವಾರವೇ ತರಿಸಿ, ಈಗಿರೋ ಸೈಕಲಿಗೇ ಹಾಕಿ ಒಂದು ಸಲ ನಂದಿ ಹತ್ತಿ ಬಾ, ಅದೇ ವಾಟಿನಲ್ಲಿ. ಆಮೇಲೆ ಚಾಮರಾಜಪೇಟೆಯೋರಿಗೆ ಗಾಲಿಗೆ ಹೇಳು. ಫ್ರೇಮಿಗೆ ಅವಸರ ಇಲ್ಲ. ಸಿಕ್ಕಾಗ ನನಗೆ ಫೋನ್ ಮಾಡು, ಹಣ ಕೊಡೋ ಮೊದಲು ನಾನೂ ಬಂದು ತಟ್ಟಿ ನೋಡ್ತೀನಿ.